ಬೀಗದವನನ್ನು ನಾನು ಮೆಚ್ಚಿದ್ದು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯ ಅಧಿಕಾರಿಗಳೇ, ಇಷ್ಟು ವರ್ಷ ನನ್ನ ಜೊತೆ ಏಗಿದ ಸಹೋದ್ಯೋಗಿಗಳೇ, ಮತ್ತು ನನ್ನ ಕೈಯಲ್ಲಿ ಒಮ್ಮೆಯಾದರೂ ಫೇಲಾಗಿ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಬಂದು ಕೂತಿರುವ ಸಭಿಕರೇ,

ನಿವೃತ್ತನಾಗುವವನು ಸೇವೆಯ ಅನುಭವ ಹೇಳಬೇಕೆಂದು ಅಧ್ಯಕ್ಷರ ಅಪ್ಪಣೆ. ಕ್ಷಮಿಸಬೇಕು, ನಾನು ಒಂದು ಟೀವಿ ಧಾರಾವಾಹಿಯ ವಿಷಯ ಮಾತಾಡುತ್ತೇನೆ. ಅನುಭವ ಅದರ ಹಿಂದೆಯೇ ಬರುತ್ತದೆ. ಕುರ್ಚಿ ಬೇಡಪ್ಪ, ನಿಂತೇ ಮಾತಾಡುತ್ತೇನೆ. ಈಚೆಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಮೂವತ್ತೊಂದು ವರ್ಷ ನಾನು ಡ್ರೈವಿಂಗ್ ಟೆಸ್ಟ್ ಮಾಡಿದೆ. ಪರರು ಓಡಿಸುವ ಗಾಡಿಯಲ್ಲಿ ಜೀವ ಕೈಯಲ್ಲಿ ಹಿಡಿದು ಕೂತೆ. ಇಂಡಿಕೇಟರ್ ಹಾಕದಿದ್ದರೆ ಫೇಲು, ಕನ್ನಡಿ ನೋಡದಿದ್ದರೆ ಫೇಲು. ಮಂತ್ರಿಗಳ ಅಳಿಯನೂ ಫೇಲು, ನನ್ನ ಸ್ವಂತ ಅಳಿಯನಂತೂ ಎರಡು ಸಲ. ಹಿಂದಿನಿಂದ ನನ್ನನ್ನು 'ಫೇಲಪ್ಪ' ಅನ್ನುತ್ತೀರಿ. ನನಗೆ ಗೊತ್ತು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಇಂಥ ನನಗೆ ಕಳೆದ ವರ್ಷ ಆ ಧಾರಾವಾಹಿ ಹುಚ್ಚು ಹಿಡಿಸಿತು. ಮೊದಲು ನೋಡಿದವಳು ನನ್ನ ಹೆಂಡತಿ. ಎಂಟು ಗಂಟೆಯಾದರೆ ಇಬ್ಬರೂ ತಟ್ಟೆ ಹಿಡಿದು ಟೀವಿ ಮುಂದೆ. ಕಥಾನಾಯಕ ಬೀಗ ರಿಪೇರಿಯವನು. ಸಾಧು, ಎಲ್ಲರಿಂದಲೂ ಬೈಸಿಕೊಳ್ಳುವವನು. ಮೋಸಹೋದ ನೆರೆಯವಳೊಬ್ಬಳ ಮನೆಪತ್ರ ವಾಪಸು ತರಲು ಒಂದೇ ಒಂದು ಕಪಾಟು ತೆರೆಯುತ್ತಾನೆ. ಆಮೇಲೆ ಇನ್ನೊಂದು. ಮೂವತ್ತನೇ ಕಂತಿಗೆ ಬರುವಷ್ಟರಲ್ಲಿ ಅವನ ಕೈಕೆಳಗೆ ಒಂದು ಪಡೆ, ಎರಡು ಹೆಣ. ಆದರೂ ಪೊಲೀಸರು ಮೆಟ್ಟಿಲು ಹತ್ತಿ ಬಂದರೆ ನಾವಿಬ್ಬರೂ ಉಸಿರು ಹಿಡಿದು, ಅವನು ಹೇಗಾದರೂ ಪಾರಾಗಲಿ ಅನ್ನುತ್ತಿದ್ದೆವು.

ಯಾಕೆ ಸ್ವಾಮಿ? ಕಳ್ಳನೆಂದು ಗೊತ್ತಿಲ್ಲವೇ? ಗೊತ್ತು. ಕೊಲೆಗಾರನೆಂದು ಗೊತ್ತಿಲ್ಲವೇ? ಅದೂ ಗೊತ್ತು. ನಾನು ದಿನವಿಡೀ 'ಆಗಲ್ಲ' ಅನ್ನುವವನು. ಅವನು ತನ್ನವರು ಏನು ಕೇಳಿದರೂ 'ಆಗುತ್ತೆ' ಅನ್ನುವವನು. ಹಾಗೆ ಅನ್ನುವಾಗ ಅವನ ಮುಖದಲ್ಲಿ ಬರುತ್ತಿದ್ದ ಬೆಳಕು, ನಿಜ ಹೇಳುತ್ತೇನೆ, ನನ್ನ ಮುಖದಲ್ಲಿ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ.

ಹೋದ ತಿಂಗಳು ನನ್ನ ಅಣ್ಣ ಕಚೇರಿಗೆ ಬಂದ. ನನಗಿಂತ ಒಂಬತ್ತು ವರ್ಷ ದೊಡ್ಡವನು. ಅಪ್ಪ ಹೋದ ಮೇಲೆ ಲಾರಿ ಓಡಿಸಿ ನನ್ನನ್ನು ಓದಿಸಿದವನು. ಈಗ ಬಟ್ಟೆ ಹೊಲಿಯುವ ಕಾರ್ಖಾನೆಯ ವ್ಯಾನಿನಲ್ಲಿ ದಿನಾ ಹದಿನಾಲ್ಕು ಹೆಂಗಸರನ್ನು ಕರೆದುಕೊಂಡು ಹೋಗುತ್ತಿದ್ದ. ಲೈಸೆನ್ಸ್ ನವೀಕರಣವಾಗಬೇಕಿತ್ತು. ಗೋಡೆಯ ಮೇಲಿನ ಅಕ್ಷರಗಳನ್ನು ಎಡಗಣ್ಣಿನಿಂದ ಸರಸರ ಓದಿದ. ಎಡಗಣ್ಣು ಮುಚ್ಚಿಸಿದೆ. ಸುಮ್ಮನಾದ. ಮೇಲಿನ ದಪ್ಪ ಅಕ್ಷರ ಓದು ಅಂದೆ. ಅದೂ ಆಗಲಿಲ್ಲ. ಕೈ ತೆಗೆದು ನನ್ನ ಮುಖವನ್ನೇ ನೋಡುತ್ತ ನಿಂತ.

ನಾನು ಸಹಿ ಹಾಕಿದೆ. ಎರಡು ಕಣ್ಣೂ ಸರಿಯಿದೆ ಎಂದು ಬರೆದು, ಸೀಲು ಒತ್ತಿ, "ಆಗುತ್ತೆ ಬಿಡಣ್ಣ" ಅಂದೆ. ಅಂದು ಸಂಜೆಯ ಕಂತು ಎಷ್ಟು ರುಚಿಸಿತು ಗೊತ್ತೇ! ನಾನೂ ಬೀಗದವನೂ ಒಂದೇ ಬಳಗ ಅನ್ನಿಸಿತು.

ಮೂರನೇ ದಿನಕ್ಕೆ ಆ ರುಚಿ ಹೋಯಿತು. ಎಲ್ಲಿ ಬ್ರೇಕಿನ ಸದ್ದು ಕೇಳಿದರೂ ಎದ್ದು ಕಿಟಕಿಗೆ ಹೋಗುತ್ತಿದ್ದೆ. ಕೊನೆಗೆ ಬೆಳಿಗ್ಗೆ ಸ್ಕೂಟರ್ ಹತ್ತಿ ವ್ಯಾನಿನ ಹಿಂದೆ ಹೊರಟೆ. ಹತ್ತು ದಿನ ಹೋದೆ. ವ್ಯಾನಿನ ಬಲಪಕ್ಕಕ್ಕೇ, ಕನ್ನಡಿಯಲ್ಲಿ ಕಾಣುವ ಹಾಗೆಯೇ ಇರುತ್ತಿದ್ದೆ. ಹತ್ತು ದಿನವೂ ಅಣ್ಣನಿಗೆ ನಾನು ಕಾಣಲಿಲ್ಲ. ಅದೂ ಒಂದು ಟೆಸ್ಟೇ. ಅದರಲ್ಲೂ ಅಣ್ಣ ಫೇಲಾದ.

ಕಂಡದ್ದು ಹೆಂಗಸರಿಗೆ. ಹತ್ತನೇ ದಿನ ಕಾರ್ಖಾನೆಯ ಗೇಟಿನಲ್ಲಿ ಇಳಿದವರು ವ್ಯಾನು ಮುಂದೆ ಹೋಗುವುದನ್ನೇ ಕಾದು ನನ್ನ ಸ್ಕೂಟರಿಗೆ ಅಡ್ಡ ನಿಂತರು. ಅರವತ್ತರ ಮುದುಕನೊಬ್ಬ ದಿನಾ ಹೆಂಗಸರ ಗಾಡಿ ಹಿಂಬಾಲಿಸಿದರೆ ಯಾರು ಏನಂದುಕೊಳ್ಳಬೇಕು? ನಗಬೇಡಿ, ಒಬ್ಬಾಕೆ ಆಗಲೇ ಚಪ್ಪಲಿಯ ಕಡೆ ನೋಡುತ್ತಿದ್ದಳು. ನಾನು ಗುರುತಿನ ಚೀಟಿ ತೆಗೆದು, ರಸ್ತೆ ಸುರಕ್ಷತೆಯ ಸಮೀಕ್ಷೆಯಮ್ಮಾ ಅಂದುಬಿಟ್ಟೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು ಸುಳ್ಳು. ಬೀಗದವನು ಕೂಡ ಅಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ.

ಅವರ ಪೈಕಿ ಹಿರಿಯಳು ಕೂಡಲೇ ಮೆತ್ತಗಾದಳು. "ಹಾಗಾದ್ರೆ ಒಳ್ಳೇದೇ ಬರ್ಕೊಳ್ಳಿ ಸಾರ್. ನಮ್ಮ ಡ್ರೈವರ್ ತಾತ ತುಂಬಾ ಒಳ್ಳೇವ್ರು. ಬಲಗಡೆ ಒಂಚೂರು ಕಾಣಲ್ಲ, ಅಷ್ಟೆ. ಅದಕ್ಕೇ ಇವಳನ್ನ ಅವರ ಹಿಂದಿನ ಸೀಟಲ್ಲಿ ಕೂರಿಸ್ತೀವಿ. ಬಸ್ಸು ಬಂದ್ರೆ ಬಸ್ಸು, ಬೈಕು ಬಂದ್ರೆ ಬೈಕು ಅಂತ ಕೂಗಿ ಹೇಳ್ತಾಳೆ."

ಚಪ್ಪಲಿ ನೋಡುತ್ತಿದ್ದವಳೇ ಆಕೆ. ಅವಳ ಬಲಗಣ್ಣೇ ನನ್ನ ಅಣ್ಣನ ಬಲಗಣ್ಣು.

ಸಭಿಕರೇ, ಆ ಧಾರಾವಾಹಿಯಲ್ಲಿ ಒಬ್ಬ ಕಾವಲುಗಾರ ಸಾಯುತ್ತಾನೆ. ಒಂದು ನಿಮಿಷ ಅವನನ್ನು ತೋರಿಸುತ್ತಾರೆ. ಕೂಡಲೇ ಕ್ಯಾಮೆರಾ ಬೀಗದವನ ಹತ್ತಿರ ಬಂದುಬಿಡುತ್ತದೆ. ಅವನು ನಲ್ಲಿಯ ಕೆಳಗೆ ಕೈ ತೊಳೆಯುತ್ತಾ ಅಳುತ್ತಾನೆ. ನಾವೂ ಅವನಿಗಾಗಿ ಅಳುತ್ತೇವೆ. ಕಾವಲುಗಾರನ ಮನೆಯಲ್ಲಿ ಅಂದು ಏನಾಯಿತು? ನಾನು ಕೇಳಲಿಲ್ಲ. ನೀವು ಕೇಳಿದಿರಾ? ಕ್ಯಾಮೆರಾ ಯಾರ ಜೊತೆಗಿದೆಯೋ ಅವನೇ ನಮ್ಮವನು. ನಾನು ಸಹಿ ಹಾಕಿದ ದಿನ ನನ್ನ ಕ್ಯಾಮೆರಾ ನನ್ನ ಮೇಲೇ ಇತ್ತು. ಹದಿನಾಲ್ಕು ಜನರ ಮುಖ ಅದರೊಳಗೆ ಬಂದಿರಲೇ ಇಲ್ಲ.

ಅಂದು ಸಂಜೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ಕಾಫಿ ಕೊಟ್ಟರು, ಕುಡಿಯಲಾಗಲಿಲ್ಲ. ಮಾಡಿದ್ದು ತಪ್ಪು, ವ್ಯಾನಿನ ಕೀಲಿ ಕೊಡು ಎಂದು ಹೇಗೋ ಹೇಳಿದೆ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅಣ್ಣ ಮೊಳೆಯಿಂದ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟ.

"ನಾನಾಗಿ ಬಿಡೋಕೆ ಮನಸ್ಸು ಬರ್ಲಿಲ್ಲ ಕಣೋ," ಅಂದ. "ಐವತ್ತು ವರ್ಷದ ಸ್ಟೀರಿಂಗು. ನೀನಾದ್ರೂ ಬೇಡ ಅಂತೀಯ ಅಂತಲೇ ನಿನ್ನ ಹತ್ರ ಬಂದಿದ್ದೆ. ಊರೆಲ್ಲ ಫೇಲ್ ಮಾಡೋನು, ನನಗೆ ಯಾಕೋ ಸಹಿ ಹಾಕಿದೆ?"

ಕೀಲಿ ಜೇಬಿಗಿಟ್ಟುಕೊಂಡು ಮನೆಗೆ ಬಂದೆ.

ಮರುದಿನವೇ ನನ್ನ ಮೇಲೆ ನಾನೇ ದೂರು ಬರೆದು, ನಮ್ಮ ಕಚೇರಿಯ ಮುಖ್ಯಸ್ಥರೂ ಆದ ಅಧ್ಯಕ್ಷರಿಗೆ ಕೊಟ್ಟೆ. ಏನೂ ಆಗಲಿಲ್ಲವಲ್ಲ, ಇನ್ನೊಂದು ವಾರ ಸುಮ್ಮನಿದ್ದರೆ ಮರ್ಯಾದೆಯಾಗಿ ಮನೆಗೆ ಹೋಗಬಹುದು ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಬೀಗದವನಿಗೂ ಪ್ರತಿ ಕಂತಿನಲ್ಲಿ ಯಾರೋ ಒಬ್ಬರು ಹೀಗೆ ಪ್ರೀತಿಯಿಂದಲೇ ಹೇಳುತ್ತಿದ್ದರು. ಸೋಮವಾರ ವಿಚಾರಣೆಯಿದೆ. ಈ ಶಾಲು, ಈ ಹಾರ ಆ ಮೇಜಿನ ಮೇಲೆಯೇ ಇರಲಿ. ವಿಚಾರಣೆ ಮುಗಿದ ಮೇಲೂ ಕೊಡಬೇಕು ಅನ್ನಿಸಿದರೆ ಬಂದು ಇಸಿದುಕೊಳ್ಳುತ್ತೇನೆ.

ಧಾರಾವಾಹಿ ಇನ್ನೂ ಮುಗಿದಿಲ್ಲ. ಬೀಗದವನು ಸಿಕ್ಕಿಬೀಳುತ್ತಾನೋ ಇಲ್ಲವೋ ಎಂದು ಎಂಟು ಗಂಟೆಗೆ ನನ್ನ ಕಾಲು ತಾನಾಗಿ ಟೀವಿಯ ಕಡೆ ಹೋಗುತ್ತದೆ. ನಿಮ್ಮೆದುರು ಸುಳ್ಳು ಹೇಳಲಾರೆ, ಒಂದು ಮನಸ್ಸು ಇವತ್ತಿಗೂ ಅವನು ಪಾರಾಗಲಿ ಅನ್ನುತ್ತದೆ.

ನನ್ನನ್ನು ಸಹಿಸಿದ ಎಲ್ಲರಿಗೂ ವಂದನೆ. ನಾನು ಫೇಲ್ ಮಾಡಿದ ಯಾರಲ್ಲೂ ಕ್ಷಮೆ ಕೇಳುವುದಿಲ್ಲ. ಕೇಳಬೇಕಾದವರು ಹದಿನಾಲ್ಕು ಜನ. ಇವತ್ತು ಅವರಿಗೆ ರಜೆಯಿಲ್ಲ, ಈ ಹೊತ್ತಿನಲ್ಲಿ ಮಿಷನ್ ಮುಂದೆ ಕೂತಿರುತ್ತಾರೆ. ಆರು ಗಂಟೆಗೆ ಪಾಳಿ ಬಿಡುತ್ತದೆ. ಆ ಗೇಟಿಗೆ ಹೋಗಿ, ಸಮೀಕ್ಷೆಯವನು ಯಾರೆಂದು ಹೇಳಿ ಬರಬೇಕು. ಈಗ ಐದೂ ಕಾಲು. ಅಪ್ಪಣೆ ಕೊಡಿ.

ನಮಸ್ಕಾರ.