ಸೂರ್ಯನ ಬಿರುಗಾಳಿ ಮತ್ತು ಕೆಂಪವ್ವನ ಸೊಸೆ

ಹುಕ್ಕೇರಿಯ ಬಸ್ ನಿಲ್ದಾಣದಲ್ಲಿ ಕಣಗಲಾ ಊರಿಗೆ ಹೋಗುವ ಬಸ್ಸಿನ ದಾರಿ ಕಾಯುತ್ತಿದ್ದ ಹೊಳೆಪ್ಪಜ್ಜನ ಪಕ್ಕದಲ್ಲಿ ಕೆಂಪವ್ವ ಬಂದು ಕುಳಿತಳು. ಹೊಸ ಸೊಸೆ ರಾಮವ್ವ ಗಂಟು ಹಿಡಿದು ಹಿಂದೆ ನಿಂತಳು. ಕೆಂಪವ್ವನ ತಮ್ಮನ ಮಗ, ಲೈನ್‌ಮನ್ ಮಾಲಿಂಗಪ್ಪ, ಅವರನ್ನು ಕಂಡು ಸೈಕಲ್ಲು ನಿಲ್ಲಿಸಿದ.

“ಎಲ್ಲಿಗಿ ಹೊಂಟಿ, ಅತ್ತಿ?”

“ಇಕಿನ್ನ ತವರಿಗಿ ಬಿಟ್ಟು ಬರಾಕ. ಮನಿಗಿ ಹೊಸದಾಗಿ ಕರೆಂಟ್ ಬಂತು. ಸೊಸಿ ದೀಪ ಹಚ್ಚಲಿ ಅಂತ ಸ್ವಿಚ್ಚಿನ ಗುಂಡಿಗೆ ಅರಿಷಿಣದ ಭಂಡಾರ ಹಚ್ಚಿ ಇಕಿ ಕಡಿಂದ ಒತ್ತಿಸಿದೆ. ಒತ್ತಿದ್ದ ತಡ, ಊರೆಲ್ಲಾ ಕತ್ತಲಿ. ಇಂಥಾ ಕಾಲ್ಗುಣ ನಮಗ ಬ್ಯಾಡಪಾ.”

“ಅವತ್ತ ದೂರದ ಥಂಡಿ ದೇಶದಾಗೂ ಕರೆಂಟ್ ಹೋಗಿತ್ತು. ಸೂರ್ಯನ ಮ್ಯಾಲ ಬಿರುಗಾಳಿ ಎದ್ದಿತ್ತಂತ. ನಮ್ಮ ಸಾಹೇಬ್ರು ಹೇಳಿದ್ರು.”

“ಸೂರ್ಯಾ ಎಲ್ಲಿ, ತಂತಿ ಎಲ್ಲಿ?”

“ಭೂಮಿನೂ ಒಂದು ಅಯಸ್ಕಾಂತ ಇದ್ದಂಗ. ಆ ಬಿರುಗಾಳಿ ಬಡಿದರ ಅದರ ಸೆಳೆತ ಅಲುಗಾಡತೈತಿ. ಆವಾಗ ಉದ್ದನ್ನ ತಂತ್ಯಾಗ ಯಾರೂ ಬಿಡದ ಕರೆಂಟ್ ಹರದು ಯಂತ್ರ ನಿಂತಬಿಡ್ತಾವ.”

“ಅಂದರ ನಮ್ಮೂರಾಗೂ ಕರೆಂಟ್ ಸೂರ್ಯಾನ ಕೆಡಿಸಿದ್ನೇನು?”

“ಇಲ್ಲ. ಇಲ್ಲಿ ಅದರ ಹೊಡೆತ ಭಾಳ ಕಮ್ಮಿ. ನಿಮ್ಮೂರಾಗ ಬೇವಿನ ಟೊಂಗಿ ತಂತಿ ಮ್ಯಾಲ ಬಿದ್ದಿತ್ತು. ನಾನ ಕಡದು ತಗದೇನಿ.”

“ಮತ್ತ ಸೂರ್ಯನ ಪುರಾಣ ಯಾಕ ಹಚ್ಚಿದಿ?”

“ಆ ದೇಶದಾಗೂ ನಿನ್ನ ಸೊಸೀನ ಹೋಗಿ ಗುಂಡಿ ಒತ್ತಿದ್ಳೇನು, ಕೇಳೂಣು ಅಂತ.”

ಸೊಸೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಬಸ್ಸು ಬಂತು. ಹೊಳೆಪ್ಪಜ್ಜ ಅವರಿಗೆ ದಾರಿ ಬಿಟ್ಟ. ಕೆಂಪವ್ವ ಎದ್ದಳು, ಆದರೆ ಹತ್ತಲಿಲ್ಲ. ಸೊಸೆಯ ಕೈಯಿಂದ ಗಂಟು ಇಸಿದುಕೊಂಡಳು.

“ನಡಿ ರಾಮವ್ವ, ಸಂತಿ ಮಾಡ್ಕೊಂಡು ಮನಿಗಿ ಹೋಗೂಣು. ಟೊಂಗಿ ಬಿದ್ದದ್ದ ಮೊದಲ ಹೇಳಾಕ ಇವಂಗೇನ ಧಾಡಿ ಆಗಿತ್ತು!”

ಅತ್ತೆ ಸೊಸೆ ಸಂತೆಯ ಕಡೆಗೆ ನಡೆದರು.