ಪುಸ್ತಕದಲ್ಲಿಲ್ಲದ ಅಜ್ಜಿ

ಶ್ಯಾಮ್‌ಬಜಾರಿನ ಟ್ರಾಮಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ನಡುವಯಸ್ಸಿನ ಅಣ್ಣ, ತಂಗಿ ಕೂತಿದ್ದರು. ತಂಗಿಯ ಮಡಿಲಲ್ಲಿ ಮಕ್ಕಳ ಕಥೆಯ ಹಳೆಯ ಪುಸ್ತಕವಿತ್ತು.

"ದಾದಾ, ನಿನ್ನೆ ಮತ್ತೆ ಪೂರ್ತಿ ಓದ್ದೆ. ತಾರಸಿ ಮೇಲೆ ಹುಡುಗಿಗೆ ಜಡೆ ಹಾಕೋ ಅಜ್ಜಿ ಇದ್ರಲ್ಲಿ ಇಲ್ವೇ ಇಲ್ಲ."

"ಕನ್ನಡಕ ಬದಲಾಯಿಸ್ಕೋ ಬುಲು."

"ತಮಾಷೆ ಅಲ್ಲ. ಅವಳ ಕೈ ನನ್ನ ಕತ್ತಿಗೆ ತಣ್ಣಗೆ ತಾಕ್ತಿದ್ದದ್ದೂ ನೆನಪಿದೆ."

ಅಣ್ಣನ ನಗು ನಿಂತಿತು.

"ನೀನು ನಮ್ಮನೆ ತಾರಸಿಯಿಂದ ಜಡೆ ಹಾಕಿಸ್ಕೊಂಡು ಇಳಿದು ಬರ್ತಿದ್ದೆ. ಯಾರೇ ಹಾಕಿದ್ದು ಅಂತ ಮಾ ಕೇಳಿದ್ರೆ, ಪುಸ್ತಕದ ಅಜ್ಜಿ ಅಂತಿದ್ದೆ."

ತಂಗಿ ಪುಸ್ತಕ ಮುಚ್ಚಿದಳು.

"ನಿನ್ನ ಮಗಳೆಲ್ಲಿ?" ಅಣ್ಣ ಕೇಳಿದ.

"ಅದೇ ಮನೇಲಿ, ಒಬ್ಳೇ ಇದಾಳೆ. ತಲೆ ಬಾಚ್ತೀನಿ ಬಾ ಅಂದ್ರೆ, ಬೇಡ, ತಾರಸಿ ಮೇಲೆ ಬಾಚಿಸ್ಕೋತೀನಿ ಅಂದ್ಲು."

"ಯಾರ ಹತ್ರ?"

ಟ್ರಾಮು ನಿಲ್ಲುವ ಮೊದಲೇ ಇಬ್ಬರೂ ಇಳಿದು, ಬಂದ ದಾರಿಯಲ್ಲೇ ವಾಪಸ್ ಓಡಿದರು.