ಮೂರು ತಾರೀಖು

೨೦೦೭ರ ಜನವರಿ ಹನ್ನೆರಡು, ಶುಕ್ರವಾರ. ಇಡೀ ದಿನ ಮಂಜು, ಬಿಸಿಲೇ ಇರಲಿಲ್ಲ.

ಸಾತ್ವಿಕಾ, ಇದು ನಿನ್ನಪ್ಪ, ನನ್ನ ಮಗ ಸಂಕರ್ಷಣನಿಗೆ ಆದದ್ದು. ಆಗ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಯಾತ್ರಿಕರಿಗೆ ಪೂಜೆ ಮಾಡಿಸುವ ನಮ್ಮ ಮನೆತನದಲ್ಲಿ ಅಷ್ಟು ಓದಿದವನು ಅವನೊಬ್ಬನೇ. ಸಾರನಾಥದ ಆಚೆಯ ಹಳ್ಳಿಗಳಲ್ಲಿ ಮುದುಕರ ಕಾಯಿಲೆಗಳ ಸಮೀಕ್ಷೆ. ಆರುನೂರು ಮನೆ. ಬಾಗಿಲು ತೆರೆಯದಿದ್ದರೆ ಮೂರು ದಿನ ಹೋಗಿ ತಟ್ಟಬೇಕು, ಮೂರೂ ತಾರೀಖು ಫಾರಂನಲ್ಲಿ ಬರೆಯಬೇಕು. ಅದು ನಿಯಮ.

ಅದೇ ವಾರದ ಸೋಮವಾರ ಬೇವಿನ ಮರದ ಮನೆಯ ಬಾಗಿಲು ತಟ್ಟಿದ. ಸದ್ದಿಲ್ಲ. ಜಗುಲಿ ಮೇಲೆ ಕೂತು ಎಂಟು, ಒಂಬತ್ತು, ಹತ್ತು... ಮೂರೂ ತಾರೀಖನ್ನು ಒಮ್ಮೆಗೇ ಬರೆದುಬಿಟ್ಟ. 'ಯಾರೂ ಇಲ್ಲ' ಅಂತ ಷರಾ.

ಶುಕ್ರವಾರ ರಾತ್ರಿ ಮುಂದಿನ ಹಳ್ಳಿಯಿಂದ, ಇದೇ ಹಳ್ಳಿ ದಾಟಿ ಬಸ್ಸಿಗೆ ನಡೆದು ಬರುತ್ತಿದ್ದ. ಬಾವಿಯ ಹತ್ತಿರ... ಕಿರ್... ಕಿರ್... ರಾಟೆಯ ಸದ್ದು. ಕಟ್ಟೆ ಮೇಲೆ ಒಬ್ಬ ಮುದುಕಿ.

"ಬಬುವಾ, ಮಗಾ, ಬೇವಿನ ಮರದ ಮನೆ ನಂದು. ನನ್ನನ್ನ ಏನೂ ಕೇಳಲೇ ಇಲ್ಲವಲ್ಲ?"

ಸದ್ಯ, ಸುಳ್ಳು ಬರೆದ ಫಾರಂ ಸರಿಹೋಗುತ್ತೆ ಅಂತ ಇವನಿಗೆ ಸಮಾಧಾನ. ಆ ಫಾರಂ ತೆಗೆದು ಟಾರ್ಚ್ ಹಿಡಿದ.

"ಹೆಸರೇನು, ಮಾಯಿ?"

"ಕಮಲಾದೇವಿ."

"ಮನೇಲಿ ಎಷ್ಟು ಜನ?"

"ನಾನೊಬ್ಬಳೇ. ಅದನ್ನ ಎಣಿಸೋಕೆ ಅಷ್ಟು ಓದಬೇಕೇನೋ?"

ನಕ್ಕು ಬರೆದುಕೊಂಡ.

"ಕೊನೇ ಸಲ ಊಟ ಮಾಡಿದ್ದು?"

"ಭಾನುವಾರ... ಆಮೇಲೆ ಬಿದ್ದೆ. ಏಳೋಕಾಗಲಿಲ್ಲ. ನೀನು ತಟ್ಟಿದ್ದು ಕೇಳಿಸ್ತು. ಕೂಗಿದೆ... ದನಿ ಹೊರಡಲಿಲ್ಲ. ನಾಳೆ ಬರ್ತಾನೆ ಅಂದುಕೊಂಡೆ."

ತಲೆ ಎತ್ತಿದ. ಕಟ್ಟೆ ಖಾಲಿ.

ಓಡಿದ. ಬೇವಿನ ಮರದ ಮನೆಯ ಬಾಗಿಲು ಮುರಿದಿತ್ತು. ಪಕ್ಕದವನು ಪಿಸುಗುಟ್ಟಿದ: "ಬೆಳಿಗ್ಗೆ ನೋಡಿದೆವು. ನಿನ್ನೆ ಜೀವ ಹೋಗಿರಬೇಕು ಅಂದರು ಡಾಕ್ಟರು."

ನಿನ್ನೆ, ಅಂದರೆ ಹನ್ನೊಂದನೇ ತಾರೀಖು. ಒಂಬತ್ತಕ್ಕೆ ಹೋಗಿದ್ದರೆ ಇದ್ದಳು. ಹತ್ತಕ್ಕೂ ಇದ್ದಳು.

ಪಿಎಚ್‌ಡಿ ಗೈಡ್ ಉಷಾ ಮೇಡಂ ಹೇಳಿದರಂತೆ: "ಆರುನೂರರಲ್ಲಿ ಒಂದು ಫಾರಂ. ತೆಗೆದುಹಾಕು."

"ಒಂದಲ್ಲ ಮೇಡಂ. ಹೀಗೆ ಬರೆದದ್ದು ಮೂವತ್ತೇಳು."

ಕತೆ ಕಟ್ಟುತ್ತಿಲ್ಲ ನಾನು. ಆ ಫಾರಂ ನನ್ನ ಪೆಟ್ಟಿಗೆಯಲ್ಲಿದೆ, ಬೆಳಗಾಗಲಿ, ನೋಡು. ಅವಳ ಉತ್ತರಗಳು ನಿನ್ನಪ್ಪನ ಅಕ್ಷರದಲ್ಲಿವೆ. ತಾರೀಖಿನ ಜಾಗದಲ್ಲಿ ಎಂಟು ಮಾತ್ರ ಇದೆ. ಉಳಿದೆರಡು ಇಲ್ಲ. ಅಳಿಸಿದ ಗುರುತೂ ಇಲ್ಲ.

"ಹಾಗಾದ್ರೆ ಅಪ್ಪ ಡಾಕ್ಟರೇಟ್..."

"ಮೂರು ವರ್ಷದ ಕೆಲಸ, ಮಗಳೇ. ಮುಂದಿನ ಸೋಮವಾರವೇ ಬಿಟ್ಟ."